ತೋಡಿನ ಜಾತಕ ಕಲ್ಲಿನಡಿಯಲ್ಲಿದೆ

‘ನೀರು ಕನ್ನಡಿ ಹಾಗಿದೆಯಲ್ಲ ಮಾರಾಯ್ರೆ, ತೋಡಿಗೇನಾಗಿದೆ?’

ಕಾರ್ಕಳದ ಮಾಳದಿಂದ ಮಣಿಪಾಲದವರೆಗೆ ಎಲ್ಲಿ ಕೇಳಿದರೂ ಸಿಗುವ ಮಾತಿದು. ತಳ ಕಂಡರೆ ಒಳ್ಳೆಯ ನೀರು, ಕಾಣದಿದ್ದರೆ ಕೆಟ್ಟ ನೀರು ಎಂಬುದು ನಮ್ಮ ಲೆಕ್ಕ. ಆದರೆ ಶೌಚಗುಂಡಿಯಿಂದ ಜಿನುಗಿ ಬಂದ ನೀರೂ ಮಣ್ಣಿನಲ್ಲಿ ಸೋಸಿ ತಿಳಿಯಾಗಿಯೇ ಕಾಣಬಹುದು. ಸೋಂಕು ನಿವಾರಣೆಯೊಂದನ್ನೇ ಮಾಡಿ ಕುಡಿಯಬಹುದಾದ ‘ಎ’ ದರ್ಜೆಯ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹಾಕಿರುವ ಅಳತೆ ಇದು: ಲೀಟರಿಗೆ ಕನಿಷ್ಠ 6 ಮಿಲಿಗ್ರಾಂ ಕರಗಿದ ಆಮ್ಲಜನಕ, 100 ಮಿಲಿಲೀಟರಿನಲ್ಲಿ ಹೆಚ್ಚೆಂದರೆ 50 ಕೋಲಿಫಾರ್ಮ್. ಇವೆರಡರಲ್ಲಿ ಯಾವುದೂ ಕಣ್ಣಿಗೆ ಕಾಣುವಂಥದ್ದಲ್ಲ.

ಇದರ ತದ್ವಿರುದ್ಧದ ತಪ್ಪೂ ಉಂಟು. ಮುರಕಲ್ಲಿನ ಧರೆಯಿಂದ ಒಸರು ಜಿನುಗುವಲ್ಲಿ ಕಿತ್ತಳೆ ಬಣ್ಣದ ಲೋಳೆ ಕಟ್ಟಿರುತ್ತದೆ, ಮೇಲೊಂದು ಎಣ್ಣೆಯಂಥ ಮಿರುಗುವ ಪೊರೆ. ನೋಡಿದವರು ಯಾರೋ ಗ್ಯಾರೇಜಿನವರು ಆಯಿಲ್ ಬಿಟ್ಟಿದ್ದಾರೆ ಎಂದು ಬೈಯುತ್ತಾರೆ. ಒಂದು ಕಡ್ಡಿಯಿಂದ ಪೊರೆಯನ್ನು ಕೆದಕಿ ನೋಡಿ. ಒಡೆದ ಗಾಜಿನಂತೆ ಚೂರು ಚೂರಾಗಿ ಹಾಗೇ ನಿಂತರೆ ಅದು ಕಬ್ಬಿಣದ ಬ್ಯಾಕ್ಟೀರಿಯಾಗಳ ಕೆಲಸ. ಮುರಕಲ್ಲಿನಲ್ಲಿ ಕಬ್ಬಿಣ ಧಾರಾಳವಾಗಿರುವ ನಮ್ಮ ಊರಿಗೆ ಅದು ಸಹಜ. ಕೆದಕಿದ ಮೇಲೆ ಮತ್ತೆ ಹರಿದು ಕೂಡಿಕೊಂಡರೆ ಮಾತ್ರ ಗ್ಯಾರೇಜಿನ ಮೇಲೆ ಅನುಮಾನ ಪಡಬಹುದು.

ಮೀನು ಕಂಡರೆ ಸಾಕು, ತೋಡು ಚೆನ್ನಾಗಿದೆ ಎನ್ನುವವರು ಯಾವ ಮೀನು ಎಂದು ಕೇಳುವುದಿಲ್ಲ. ಮುಗುಡು ಆಮ್ಲಜನಕವಿಲ್ಲದ ಕೆಸರಿನಲ್ಲೂ ಮೇಲೆ ಬಂದು ಗಾಳಿ ಎಳೆದುಕೊಂಡು ಬದುಕುತ್ತದೆ. ಹೊರಗಿನಿಂದ ಬಂದ ತಿಲಾಪಿಯಾಕ್ಕೂ ಕೊಳಕು ನೀರು ದೊಡ್ಡ ತೊಂದರೆಯಲ್ಲ. ಸೊಳ್ಳೆ ತಿನ್ನಲೆಂದು ಬಿಡುವ ಗ್ಯಾಂಬೂಸಿಯಾವಂತೂ ಚರಂಡಿಯಲ್ಲೇ ಸಂಸಾರ ಹೂಡಬಲ್ಲದು.

ಹಾಗಾದರೆ ಯಾರನ್ನು ಕೇಳಬೇಕು? ಮಳೆ ನಿಂತು ನೀರು ತಗ್ಗಿದ ಮೇಲೆ, ನವೆಂಬರ್ ಹೊತ್ತಿಗೆ, ಘಟ್ಟದ ಬುಡದ ಒಂದು ತೋಡಿಗೆ ಇಳಿಯಿರಿ. ನೀರು ಕಲ್ಲಿಗೆ ಬಡಿದು ನೊರೆಯೇಳುವ ಕಡೆ ಅಂಗೈಯಗಲದ ಕಲ್ಲೊಂದನ್ನು ಎತ್ತಿ ತಿರುಗಿಸಿ. ಚಪ್ಪಟೆ ಮೈ, ಹೆಚ್ಚಾಗಿ ಮೂರು ಬಾಲ, ಹೊಟ್ಟೆಯ ಎರಡೂ ಬದಿಯಲ್ಲಿ ಪಟಪಟ ಬಡಿಯುವ ಕಿವಿರು: ಅದು ಮೇಫ್ಲೈ ಮರಿ. ಎರಡೇ ಬಾಲದ್ದು, ಕಲ್ಲನ್ನು ಅವಚಿಕೊಂಡು ಓಡುವುದು ಸ್ಟೋನ್‌ಫ್ಲೈ ಮರಿ. ಮರಳಿನ ಕಣಗಳನ್ನು ರೇಷ್ಮೆಯಂಥ ನೂಲಿನಿಂದ ಅಂಟಿಸಿ ಕಟ್ಟಿದ ಪುಟ್ಟ ಕೊಳವೆ ಕಂಡಿತೋ, ಒಳಗೆ ಕ್ಯಾಡಿಸ್‌ಫ್ಲೈ ಇದೆ. ಈ ಮೂರಕ್ಕೂ ಕನ್ನಡದಲ್ಲಿ ಬಳಕೆಯ ಹೆಸರಿಲ್ಲದಿರುವುದು ನನಗೆ ಬೇಸರದ ಸಂಗತಿ. ನಾವು ಅವುಗಳತ್ತ ಬಗ್ಗಿ ನೋಡಿದ್ದೇ ಕಡಿಮೆ.

ಒಂದು ಬಾಟಲಿ ನೀರನ್ನು ಲ್ಯಾಬಿಗೆ ಕೊಟ್ಟರೆ ಎಲ್ಲ ತಿಳಿಯುತ್ತದೆ ಎಂಬ ನಂಬಿಕೆ ಮುರಿಯುವುದು ಇಲ್ಲೇ. ಬಾಟಲಿ ಹೇಳುವುದು ಅದನ್ನು ತುಂಬಿದ ಗಳಿಗೆಯ ಕಥೆ. ರಾತ್ರಿ ಕೊಳಚೆ ಬಿಟ್ಟು ಬೆಳಗ್ಗೆ ನಿಲ್ಲಿಸಿದರೆ ಅದಕ್ಕೆ ಸುಳಿವು ಹತ್ತದೆ ಹೋಗಬಹುದು. ಈ ಮರಿಗಳೋ, ವಾರಗಟ್ಟಲೆ, ತಿಂಗಳುಗಟ್ಟಲೆ ಅಲ್ಲೇ ಬೆಳೆಯಬೇಕಾದವು. ಒಂದು ರಾತ್ರಿ ಉಸಿರು ಕಟ್ಟಿದರೂ ಸಾಯುತ್ತವೆ, ಇಲ್ಲವೇ ಜಾಗ ಬಿಡುತ್ತವೆ. ಬ್ರಿಟನ್ನಿನಲ್ಲಿ ರೂಪುಗೊಂಡು ನಮ್ಮ ಕೇಂದ್ರ ಮಂಡಳಿಯೂ ಅಳವಡಿಸಿಕೊಂಡ ಪದ್ಧತಿಯಲ್ಲಿ ಪ್ರತಿ ಕುಟುಂಬಕ್ಕೂ 1ರಿಂದ 10ರವರೆಗೆ ಅಂಕ. ಹೆಚ್ಚಿನ ಸ್ಟೋನ್‌ಫ್ಲೈಗಳಿಗೂ ಸೂಕ್ಷ್ಮ ಜಾತಿಯ ಮೇಫ್ಲೈಗಳಿಗೂ ಪೂರ್ತಿ 10. ಕೆಸರಿನ ಕೆಂಪು ಕೈರೋನೊಮಸ್ ಹುಳುವಿಗೆ 2; ಅದರ ಕೆಂಪು ಹಿಮೋಗ್ಲೋಬಿನ್ನಿನದು, ಅದರಿಂದಲೇ ಉಸಿರಿಲ್ಲದ ನೀರಿನಲ್ಲೂ ಜೀವ ಹಿಡಿಯುತ್ತದೆ. ಎರೆಹುಳದ ನೆಂಟ ಟ್ಯೂಬಿಫೆಕ್ಸ್‌ಗೆ ಬರೀ 1. ಮಣಿಪಾಲದ ಕಡೆಯಿಂದ ಇಳಿದು ಉಡುಪಿ ನಗರ ಹಾದುಹೋಗುವ ಇಂದ್ರಾಣಿಗೆ ಕೊಳಚೆ ಸೇರುತ್ತಿರುವುದು ಊರಿಗೇ ಗೊತ್ತು. ಕೊಳಚೆ ಕೂಡುವ ಜಾಗದ ಮೇಲೊಮ್ಮೆ, ಕೆಳಗೊಮ್ಮೆ ಹೀಗೆ ಕಲ್ಲೆತ್ತಿ ಎಣಿಸಿದರೆ ಅಂಕಪಟ್ಟಿ ತಾನೇ ಸಿಗುತ್ತದೆ.

ಈ ಅಂಕ ಸಿಹಿನೀರಿಗೆ ಮಾತ್ರ. ಕಾಪು ತಾಲೂಕಿನಲ್ಲಿ, ಗುಳ್ಳ ಬದನೆ ಬೆಳೆಯುವ ಮಟ್ಟುವಿನ ಹೊಳೆಗೆ ಭರತದ ಉಪ್ಪುನೀರು ಏರುತ್ತದೆ. ಅಲ್ಲಿ ಮೇಫ್ಲೈ ಸಿಗಲಿಲ್ಲವೆಂದು ಹೊಳೆ ಕೆಟ್ಟಿತೆಂದರೆ ಅನ್ಯಾಯ.

‘ಹರಿಯುವ ನೀರಿಗೆ ಮೈಲಿಗೆ ಇಲ್ಲ’ ಎಂಬುದು ಅರ್ಧ ನಿಜ. ಕಲ್ಲಿಗೆ ಬಡಿದು ಗಾಳಿ ಕುಡಿದ ನೀರು ಸ್ವಲ್ಪ ಕೊಳೆಯನ್ನು ಅರಗಿಸಿಕೊಳ್ಳುತ್ತದೆ. ಆದರೆ ಹರಿದರೆ ತಾನೆ? ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಎಷ್ಟೋ ತೋಡುಗಳು ನಿಂತ ಗುಂಡಿಗಳು. ಉಡುಪಿ, ಮಣಿಪಾಲಕ್ಕೆ ಕುಡಿಯುವ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲೇ ಬೇಸಿಗೆಯಲ್ಲಿ ನೀರಿನ ಮಟ್ಟ ಅಳೆಯುತ್ತಾ ಕೂರುವ ನಮಗೆ ಇದನ್ನು ಬೇರೆ ಹೇಳಬೇಕೆ?

ನನಗೆ ಹೆಚ್ಚು ಸಿಟ್ಟು ಬರಿಸುವ ನಂಬಿಕೆಯೆಂದರೆ, ಜೆಸಿಬಿ ಇಳಿಸಿದರೆ ತೋಡು ‘ಕ್ಲೀನ್’ ಆಗುತ್ತದೆ ಎಂಬುದು. ತರಗೆಲೆ, ಬೇರು, ಬಿದ್ದ ಕೊಂಬೆ ಎಲ್ಲ ಬಾಚಿ ಎರಡೂ ಬದಿಗೆ ಕಾಂಕ್ರೀಟ್ ಗೋಡೆ ಎಬ್ಬಿಸುತ್ತಾರೆ. ನೆರಳು ಕವಿದ ಸಣ್ಣ ತೋಡಿನಲ್ಲಿ ಊಟವೇ ತರಗೆಲೆ. ಅದನ್ನು ಕತ್ತರಿಸಿ ತಿನ್ನುವ ಹುಳುಗಳಿಂದಲೇ ಮೀನು, ಏಡಿ, ಮಿಂಚುಳ್ಳಿಯವರೆಗಿನ ಸರಪಳಿ ಶುರು. ಪ್ಲಾಸ್ಟಿಕ್ ತೆಗೆಯಿರಿ, ಎಲೆ ಬಿಡಿ.

ಕೊನೆಗೆ ಒಂದು ಎಚ್ಚರಿಕೆ. ಕಲ್ಲಿನಡಿ ಹತ್ತು ಅಂಕದ ಹುಳು ಸಿಕ್ಕಿತೆಂದು ಬೊಗಸೆ ತುಂಬಿ ಕುಡಿಯಬೇಡಿ. ಇಲಿಜ್ವರದ ರೋಗಾಣುವಿನ ಬಗ್ಗೆ ಮೇಫ್ಲೈ ಏನೂ ಹೇಳುವುದಿಲ್ಲ. ಎತ್ತಿದ ಕಲ್ಲನ್ನು ಎತ್ತಿದಲ್ಲೇ, ಮೊದಲಿದ್ದ ಮಗ್ಗುಲಿಗೇ ಇಟ್ಟು ಬನ್ನಿ.