ಬೇಲಿ ಹೊಲ ಮೇಯದಂತೆ ಕಾಯುವ ಕಚೇರಿ

ಪಿಯುಸಿ ಫಲಿತಾಂಶ ಬಂದ ವಾರದಿಂದಲೇ ತಾಲ್ಲೂಕು ಕಚೇರಿ, ನಾಡಕಚೇರಿಗಳ ಮುಂದೆ ಜನ ಸೇರತೊಡಗುತ್ತಾರೆ. ಕಾಲೇಜಿಗೆ ಸೇರಲು ಜಾತಿ ಪ್ರಮಾಣಪತ್ರ ಬೇಕು. ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಬೇಕು. ಅರ್ಜಿ ಸಲ್ಲಿಸುವ ಕೊನೆಯ ದಿನ ಹತ್ತಿರವಾದಂತೆ ತಂದೆ ತಾಯಂದಿರ ಆತಂಕ ಹೆಚ್ಚುತ್ತದೆ. 'ನಾಳೆ ಬನ್ನಿ' ಎಂಬ ಮಾತನ್ನು ನಾಲ್ಕನೆಯ ಸಲ ಕೇಳಿ ಹೊರಗೆ ಬಂದಾಗ ಪಕ್ಕದಲ್ಲಿದ್ದ ಯಾರೋ ಕಿವಿಯಲ್ಲಿ ಉಸುರುತ್ತಾರೆ: 'ಸ್ವಲ್ಪ ಕೈ ಬಿಸಿ ಮಾಡಿ ಸ್ವಾಮಿ, ಇವತ್ತೇ ಆಗುತ್ತೆ.' ನೂರೋ ಇನ್ನೂರೋ ರೂಪಾಯಿ ಕೈ ಬದಲಾಗುತ್ತದೆ, ಕಾಗದವೂ ಸಿಗುತ್ತದೆ. ಜೊತೆಯಲ್ಲಿ ನಿಂತ ಮಗನೋ ಮಗಳೋ ಪೌರನೀತಿಯ ಪುಸ್ತಕದಲ್ಲಿಲ್ಲದ ಪಾಠವೊಂದನ್ನು ಅಲ್ಲಿ ಕಲಿತು ಮನೆಗೆ ಮರಳುತ್ತಾರೆ.

ಹಾಗಾದರೆ ದೂರು ಕೊಡಬೇಕಾದದ್ದು ಯಾರಿಗೆ? ಅದೇ ಇಲಾಖೆಯ ಮೇಲಧಿಕಾರಿಗೆ ಕೊಟ್ಟರೆ ಅವರು ತಮ್ಮವರನ್ನು ಬಿಟ್ಟುಕೊಡುವರೇ? ಬೇಲಿಯೇ ಎದ್ದು ಹೊಲ ಮೇಯ್ದರೆ ಬೇಲಿಗೆ ಹೇಳಿ ಫಲವಿಲ್ಲ. ಆಡಳಿತದ ಹೊರಗೆ ನಿಂತು ಆಡಳಿತವನ್ನು ನೋಡುವ, ಮಂತ್ರಿಯಿಂದ ಗುಮಾಸ್ತನವರೆಗೆ ಯಾರ ಮೇಲಿನ ದೂರನ್ನಾದರೂ ಕೇಳುವ ಕಚೇರಿಯೊಂದು ಬೇಕೆಂಬ ಯೋಚನೆ ಹುಟ್ಟಿದ್ದು ಇಲ್ಲಿಂದಲೇ. ಕರ್ನಾಟಕದಲ್ಲಿ ಆ ಕಚೇರಿಯ ಹೆಸರು ಲೋಕಾಯುಕ್ತ.

ಸ್ವೀಡನ್ನಿನಿಂದ ಬೆಂಗಳೂರಿಗೆ

ಈ ಯೋಚನೆಯ ತವರು ಸ್ವೀಡನ್. ಅಲ್ಲಿ 1809ರ ಸಂವಿಧಾನ 'ಒಂಬುಡ್ಸ್‌ಮನ್' ಎಂಬ ಹುದ್ದೆಯನ್ನು ಸೃಷ್ಟಿಸಿತು. ಅಧಿಕಾರಿಗಳು ಕಾನೂನಿನಂತೆ ನಡೆಯುತ್ತಿದ್ದಾರೆಯೇ ಎಂದು ಸಂಸತ್ತಿನ ಪರವಾಗಿ ನೋಡುವುದು ಅವನ ಕೆಲಸ. ಡೆನ್ಮಾರ್ಕ್ 1955ರಲ್ಲಿ, ನ್ಯೂಜಿಲೆಂಡ್ 1962ರಲ್ಲಿ ಇದೇ ದಾರಿ ಹಿಡಿದವು. ಭಾರತದಲ್ಲಿ 1963ರಲ್ಲಿ ಸಂಸದ ಎಲ್.ಎಂ. ಸಿಂಘ್ವಿ ಇದಕ್ಕೆ 'ಲೋಕಪಾಲ' ಎಂಬ ದೇಶೀ ಹೆಸರು ಕೊಟ್ಟರು. ಮೊರಾರ್ಜಿ ದೇಸಾಯಿ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗವು 1966ರಲ್ಲಿ ಕೇಂದ್ರಕ್ಕೆ ಲೋಕಪಾಲ, ರಾಜ್ಯಗಳಿಗೆ ಲೋಕಾಯುಕ್ತ ಬೇಕೆಂದು ಶಿಫಾರಸು ಮಾಡಿತು. 1968ರಲ್ಲಿ ಮೊದಲ ಸಲ ಮಂಡನೆಯಾದ ಲೋಕಪಾಲ ಮಸೂದೆ ಕಾಯಿದೆಯಾಗಲು 2013ರವರೆಗೆ ಕಾಯಬೇಕಾಯಿತು. ಮೊದಲ ಲೋಕಪಾಲರ ನೇಮಕವಾದದ್ದು 2019ರಲ್ಲಿ.

ಕೆಲವು ರಾಜ್ಯಗಳು ಅಷ್ಟು ಕಾಲ ಕಾಯಲಿಲ್ಲ. ಮಹಾರಾಷ್ಟ್ರ 1971ರಲ್ಲೇ ಕಾಯಿದೆ ಮಾಡಿತು. ಕರ್ನಾಟಕದಲ್ಲಿ 1983ರಲ್ಲಿ ಅಧಿಕಾರಕ್ಕೆ ಬಂದ ರಾಮಕೃಷ್ಣ ಹೆಗಡೆ ಅವರ ಸರ್ಕಾರ ಲೋಕಾಯುಕ್ತ ಕಾಯಿದೆ, 1984 ಅನ್ನು ತಂದಿತು. ಅದು ಜಾರಿಗೆ ಬಂದದ್ದು 1986ರ ಜನವರಿ 15ರಂದು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಡಿ. ಕೋಶಲ್ ಮೊದಲ ಲೋಕಾಯುಕ್ತರಾದರು. ಇಲ್ಲಿನ ಕಾಯಿದೆಯ ವ್ಯಾಪ್ತಿಗೆ ಮುಖ್ಯಮಂತ್ರಿಯೂ ಸೇರಿದ್ದಾರೆಂಬುದು ಗಮನಿಸಬೇಕಾದ ಸಂಗತಿ.

ಎರಡು ಕೆಲಸ, ಎರಡು ಅಧಿಕಾರ

ಕಾಯಿದೆಯಲ್ಲಿ ದೂರುಗಳು ಎರಡು ಬಗೆ. ದುರಾಡಳಿತದಿಂದ ತನಗೆ ಅನ್ಯಾಯವಾಗಿದೆ ಎಂಬುದು ಒಂದು ಬಗೆ. ಕಡತ ಎಲ್ಲೋ ಕೂತಿದೆ, ಪಿಂಚಣಿ ಬಂದಿಲ್ಲ ಎಂಬಂಥವು ಇದಕ್ಕೆ ಸೇರುತ್ತವೆ. ಅಧಿಕಾರದಲ್ಲಿರುವವರು ಹುದ್ದೆಯನ್ನು ಸ್ವಂತ ಲಾಭಕ್ಕೆ ಬಳಸಿಕೊಂಡರೆಂಬ ಆಪಾದನೆ ಇನ್ನೊಂದು ಬಗೆ. ದೂರನ್ನು ಪ್ರಮಾಣಪತ್ರದೊಡನೆ, ಅಂದರೆ ಅಫಿಡವಿಟ್ಟಿನೊಡನೆ ಕೊಡಬೇಕು. ಗೊತ್ತಿದ್ದೂ ಸುಳ್ಳು ದೂರು ಕೊಟ್ಟರೆ ಶಿಕ್ಷೆಯುಂಟು. ಶಾಸಕರೂ ಪ್ರತಿ ವರ್ಷ ಜೂನ್ 30ರೊಳಗೆ ತಮ್ಮ ಆಸ್ತಿಪಾಸ್ತಿಯ ವಿವರವನ್ನು ಲೋಕಾಯುಕ್ತರಿಗೆ ಒಪ್ಪಿಸಬೇಕು.

ಲೋಕಾಯುಕ್ತರ ಅವಧಿ 5 ವರ್ಷ. ಮುಖ್ಯಮಂತ್ರಿಯ ಸಲಹೆಯಂತೆ ರಾಜ್ಯಪಾಲರು ನೇಮಿಸುತ್ತಾರೆ. ಆದರೆ ಆ ಸಲಹೆ ಕೊಡುವ ಮುನ್ನ ಮುಖ್ಯಮಂತ್ರಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಎರಡೂ ಸದನಗಳ ಸಭಾಧ್ಯಕ್ಷರು ಮತ್ತು ವಿರೋಧ ಪಕ್ಷದ ನಾಯಕರೊಡನೆ ಸಮಾಲೋಚಿಸಬೇಕು. ಒಮ್ಮೆ ನೇಮಕವಾದವರನ್ನು ಸರ್ಕಾರ ತನ್ನಿಷ್ಟದಂತೆ ತೆಗೆಯಲಾಗದು. ಅದಕ್ಕೆ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು.

ಇಷ್ಟಾದರೂ ಲೋಕಾಯುಕ್ತರು ಯಾರನ್ನೂ ಜೈಲಿಗೆ ಕಳಿಸಲಾರರು. ವಿಚಾರಣೆ ನಡೆಸಿ ಸರ್ಕಾರಕ್ಕೆ ವರದಿ ಕೊಡಬಹುದು, ಅಷ್ಟೆ. ಆಪಾದನೆಯ ವರದಿಯ ಮೇಲೆ ಏನು ಕ್ರಮ ಕೈಗೊಳ್ಳಲಾಯಿತೆಂದು ಸರ್ಕಾರ 3 ತಿಂಗಳಲ್ಲಿ ತಿಳಿಸಬೇಕು. ತೃಪ್ತಿಯಾಗದಿದ್ದರೆ ರಾಜ್ಯಪಾಲರಿಗೆ ವಿಶೇಷ ವರದಿ ಸಲ್ಲಿಸಬಹುದು. ಅದು ಶಾಸನಸಭೆಯ ಮುಂದೆ ಬರುತ್ತದೆ. ಈ ಸಂಸ್ಥೆಗೆ ನಿಜವಾದ ಬಲ ತಂದುಕೊಟ್ಟದ್ದು ಅದರ ಪೊಲೀಸ್ ವಿಭಾಗ. 1988ರ ಭ್ರಷ್ಟಾಚಾರ ತಡೆ ಕಾಯಿದೆಯಡಿ ಮೊಕದ್ದಮೆ ಹೂಡಿ ತಪ್ಪಿತಸ್ಥರನ್ನು ನ್ಯಾಯಾಲಯಕ್ಕೆ ಎಳೆಯುವವರು ಈ ಪೊಲೀಸರು.

ಗುಲಾಬಿ ಬಣ್ಣದ ಸಾಕ್ಷಿ

ಲಂಚಕೋರರು ಸಿಕ್ಕಿಬೀಳುವ ಬಗೆ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದದ್ದೇ. ಲಂಚ ಕೇಳಿದ್ದಾರೆಂದು ದೂರು ಬಂದಾಗ ದೂರುದಾರರು ತಂದ ನೋಟುಗಳ ಸಂಖ್ಯೆಯನ್ನು ಪಂಚರ ಎದುರು ಬರೆದುಕೊಳ್ಳಲಾಗುತ್ತದೆ. ಅವುಗಳಿಗೆ ಫಿನಾಫ್ತಲೀನ್ ಪುಡಿ ಸವರಲಾಗುತ್ತದೆ. ಪ್ರಯೋಗಾಲಯದಲ್ಲಿ ಆಮ್ಲ, ಪ್ರತ್ಯಾಮ್ಲಗಳ ಅಂತ್ಯಬಿಂದು ಕಂಡುಹಿಡಿಯಲು ಬಳಸುವ ವಸ್ತುವೇ ಇದು. ದೂರುದಾರರ ಜೊತೆ ಸಾಕ್ಷಿಯೊಬ್ಬರು ಹೋಗುತ್ತಾರೆ. ಹಣ ಕೈ ಸೇರಿದೊಡನೆ ಸನ್ನೆಯಾಗುತ್ತದೆ, ಪೊಲೀಸರು ಒಳನುಗ್ಗುತ್ತಾರೆ. ಅಧಿಕಾರಿಯ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದಾಗ ಬಣ್ಣವಿಲ್ಲದ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಸೀಸೆಯಲ್ಲಿ ತುಂಬಿ, ಮೊಹರು ಮಾಡಿ, ಪರೀಕ್ಷೆಗೆ ಕಳಿಸಲಾಗುತ್ತದೆ.

ಬಣ್ಣವೊಂದೇ ಸಾಲದು. ಅಧಿಕಾರಿ ಹಣ ಕೇಳಿದ್ದು ಮತ್ತು ತಿಳಿದೇ ತೆಗೆದುಕೊಂಡದ್ದು ಎರಡೂ ನ್ಯಾಯಾಲಯದಲ್ಲಿ ರುಜುವಾತಾಗಬೇಕು. ಸಾಕ್ಷಿಗಳು ತಿರುಗಿಬಿದ್ದರೆ, ದೂರುದಾರರು ಹೆದರಿ ಹಿಂದೆ ಸರಿದರೆ ಸೀಸೆಯ ನೀರು ಒಬ್ಬಂಟಿಯಾಗುತ್ತದೆ.

ಮನೆಮಾತಾದ ಕಾಲ

ಬಹುಕಾಲ ಅಷ್ಟಾಗಿ ಸುದ್ದಿಯಲ್ಲಿರದ ಲೋಕಾಯುಕ್ತ ಕಚೇರಿಯನ್ನು ಮನೆಮಾತಾಗಿಸಿದವರು 2001ರಿಂದ 2006ರವರೆಗೆ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ವೆಂಕಟಾಚಲ. ಅವರು ಜಿಲ್ಲೆಗಳನ್ನು ಸುತ್ತಿ, ಜನರ ನಡುವೆಯೇ ಅಧಿಕಾರಿಗಳನ್ನು ನಿಲ್ಲಿಸಿ ಪ್ರಶ್ನಿಸಿದರು. ಅವರ ನಂತರ ಬಂದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ಕಾಲದಲ್ಲಿ ಗಣಿಗಾರಿಕೆಯ ತನಿಖೆ ದೇಶದ ಗಮನ ಸೆಳೆಯಿತು. ಬೇಲೆಕೇರಿ ಬಂದರಿನಲ್ಲಿ ವಶಪಡಿಸಿಕೊಂಡಿದ್ದ ಅದಿರು ಮಾಯವಾಗಿ, ಪ್ರಕರಣದಲ್ಲಿ ದುಡಿದ ಅರಣ್ಯಾಧಿಕಾರಿಯನ್ನೇ ಅಮಾನತು ಮಾಡಿದ ಸಂದರ್ಭದಲ್ಲಿ, 2010ರ ಜೂನ್‌ನಲ್ಲಿ ಅವರು ರಾಜೀನಾಮೆ ಇತ್ತರು. ಬಳಿಕ ಹಿಂತೆಗೆದುಕೊಂಡರು. 2011ರ ಜುಲೈನಲ್ಲಿ ಅವರು ಕೊಟ್ಟ ವರದಿ ಅಕ್ರಮ ಗಣಿಗಾರಿಕೆಯಿಂದ ಬೊಕ್ಕಸಕ್ಕಾದ ನಷ್ಟವನ್ನು ಸುಮಾರು 16,085 ಕೋಟಿ ರೂಪಾಯಿ ಎಂದು ಅಂದಾಜು ಮಾಡಿತು. ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ನೀಡಿದರು.

ಆದರೆ ವರದಿಯೇ ತೀರ್ಪಲ್ಲ. ಆ ವರದಿಯನ್ನು ಆಧರಿಸಿ ಯಡಿಯೂರಪ್ಪ ಅವರ ಮೇಲೆ ದಾಖಲಾದ ಎಫ್‌ಐಆರ್ ಅನ್ನು 2012ರಲ್ಲಿ ಹೈಕೋರ್ಟ್ ರದ್ದುಪಡಿಸಿತು. ಗಣಿಗೆ ಸಂಬಂಧಿಸಿದ ಪ್ರಕರಣದಲ್ಲಿ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ತನಿಖೆ ಮಾಡುವವರು ಬೇರೆ, ತೀರ್ಪು ಕೊಡುವವರು ಬೇರೆ ಎಂಬುದು ಪ್ರಜಾಪ್ರಭುತ್ವದ ಕಟ್ಟುಪಾಡು.

ಕಾಯುವವರನ್ನು ಕಾಯುವವರು

ಹೆಸರು ಕಟ್ಟಲು ಬೇಕಾದದ್ದು ಹತ್ತು ವರ್ಷ. ಕೆಡಿಸಲು ಕೆಲವು ತಿಂಗಳು ಸಾಕಾಯಿತು. ಲೋಕಾಯುಕ್ತ ಕಚೇರಿಯೊಳಗಿಂದಲೇ ಅಧಿಕಾರಿಗಳನ್ನು ಬೆದರಿಸಿ ಹಣ ಕೇಳಲಾಗುತ್ತಿದೆ ಎಂಬ ಆರೋಪ 2015ರಲ್ಲಿ ಹೊರಬಿತ್ತು. ಅದನ್ನು ಬರಹದಲ್ಲಿ ದಾಖಲಿಸಿ ಎತ್ತಿದವರು ಅದೇ ಸಂಸ್ಥೆಯ ಪೊಲೀಸ್ ಅಧಿಕಾರಿಯೊಬ್ಬರು. ವಿಶೇಷ ತನಿಖಾ ತಂಡ ರಚನೆಯಾಯಿತು, ಲೋಕಾಯುಕ್ತರ ಪುತ್ರನ ಬಂಧನವಾಯಿತು. ಡಿಸೆಂಬರ್‌ನಲ್ಲಿ ಲೋಕಾಯುಕ್ತರು ರಾಜೀನಾಮೆ ಕೊಟ್ಟರು. ನಂತರ 2017ರ ಜನವರಿಯವರೆಗೆ, ಒಂದು ವರ್ಷಕ್ಕೂ ಹೆಚ್ಚು ಕಾಲ, ಆ ಕುರ್ಚಿ ಖಾಲಿಯೇ ಇತ್ತು.

ಈ ನಡುವೆ 2016ರ ಮಾರ್ಚ್‌ನಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ಸ್ಥಾಪಿಸಿ, ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅದಕ್ಕೆ ಒಪ್ಪಿಸಿತು. ಹೊಸ ದಳ ಸರ್ಕಾರದ ಅಧೀನದಲ್ಲೇ ಇತ್ತು. ಯಾರನ್ನು ತನಿಖೆ ಮಾಡಬೇಕೋ ಅವರ ಕೈಯಲ್ಲೇ ತನಿಖೆಯ ಲಗಾಮು ಇದ್ದರೆ ಹೇಗೆಂಬ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲೇರಿತು. 2022ರ ಆಗಸ್ಟ್ 11ರಂದು ನ್ಯಾಯಾಲಯ ಆ ದಳದ ರಚನೆಯನ್ನೇ ರದ್ದುಪಡಿಸಿ, ಪ್ರಕರಣಗಳನ್ನು ಲೋಕಾಯುಕ್ತ ಪೊಲೀಸರಿಗೆ ಮರಳಿಸಿತು.

ಈ ಏರಿಳಿತದಿಂದ ತಿಳಿಯುವುದಿಷ್ಟು. ಕಾವಲು ಕಚೇರಿಯನ್ನು ಕಾಯಿದೆಯೊಂದೇ ಕಟ್ಟಲಾರದು. ಕುರ್ಚಿ ಖಾಲಿ ಬೀಳಬಾರದು, ಕುಳಿತವರ ಕೈ ಶುದ್ಧವಿರಬೇಕು, ತನಿಖೆಗೆ ಸ್ವಂತ ಪೊಲೀಸರಿರಬೇಕು, ವರದಿಗೆ ಸರ್ಕಾರ ಉತ್ತರಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಉಳಿಯುವುದು ಬಾಗಿಲ ಮೇಲಿನ ಫಲಕ ಮಾತ್ರ.

ಪೋಷಕರಿಗೆ ತಿಳಿದಿರಲಿ

ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ತಂದ ತಿದ್ದುಪಡಿಯಂತೆ ಲಂಚ ಕೊಡುವುದೂ ಅಪರಾಧ. ಒತ್ತಾಯಕ್ಕೆ ಸಿಲುಕಿ ಕೊಟ್ಟವರು 7 ದಿನಗಳೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ರಕ್ಷಣೆಯಿದೆ. ಕೊಡುವ ಮೊದಲೇ ತಿಳಿಸಿ, ಲಂಚ ಕೇಳಿದವರನ್ನು ಹಿಡಿಸಲು ನೆರವಾದವರಿಗೂ ಇದೆ. ಸುಮ್ಮನೆ ಕೊಟ್ಟು ಸುಮ್ಮನಿದ್ದುಬಿಡುವವರಿಗೆ ಮಾತ್ರ ಇಲ್ಲ.

ದೂರು ಕೊಡುವುದು ಸುಲಭವೆಂದು ಹೇಳಲಾಗದು. ಅಲೆದಾಟವಿದೆ, ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಕಾಯಬೇಕಾದೀತು, ಅದೇ ಕಚೇರಿಯ ಮುಂದೆ ಮತ್ತೆ ನಿಲ್ಲಬೇಕಾದ ಭಯವೂ ಇದೆ. ಮಗಳ ಸೀಟು ಕೈತಪ್ಪಿದರೆ ಗತಿಯೇನು ಎನ್ನುವ ತಂದೆಯ ಅಳುಕು ಸಣ್ಣದಲ್ಲ. ಆದರೂ ರಾಜ್ಯದ ಮೂಲೆಮೂಲೆಗಳಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗಿದ ಪ್ರತಿಯೊಂದು ಪ್ರಕರಣದ ಹಿಂದೆಯೂ ಒಬ್ಬ ಶ್ರೀಸಾಮಾನ್ಯನ ರುಜು ಇದೆ. ಪ್ರಮಾಣಪತ್ರಕ್ಕೆಂದು ಸಾಲಿನಲ್ಲಿ ನಿಂತ ತಂದೆ 'ಕೊಡುವುದಿಲ್ಲ' ಎಂದದ್ದನ್ನು ಕೇಳಿದ ಮಗಳು, ಮುಂದೊಂದು ದಿನ ಅದೇ ಮೇಜಿನ ಆಚೆ ಬದಿಯಲ್ಲಿ ಅಧಿಕಾರಿಯಾಗಿ ಕುಳಿತಾಗ, ಆ ಮಾತನ್ನು ಮರೆಯಲಾರಳು.