ಬತ್ತಿಯ ದಾರ ಸರಿ ಇರಲಿ



ನವೆಂಬರ್ 2ರ ಮೃತರ ಸ್ಮರಣೆಗೆ, ಕ್ರಿಸ್ಮಸ್ ಹಬ್ಬಕ್ಕೆ ಮೇಣದಬತ್ತಿ ಮಾಡಿ ಮಾರುವ ಸಂಘಗಳು ನಮ್ಮಲ್ಲಿವೆ. ಹಚ್ಚಿದ ಸ್ವಲ್ಪ ಹೊತ್ತಿಗೇ ದಾರದ ಸುತ್ತ ಮೇಣ ತುಂಬಿ, ಉರಿ ಅದರಲ್ಲೇ ಮುಳುಗಿ ಆರಿಹೋಯಿತು ಅನ್ನಿ. ಸಮಾಧಿಯ ಮುಂದೆ ನಿಂತವರಿಗೆ ಬೇಜಾರು; ಮುಂದಿನ ವರ್ಷ ಅವರು ಅಂಗಡಿಯದ್ದೇ ತಗೊಳ್ತಾರೆ. "ಮೇಣ ಕಳಪೆ" ಅಂತ ಜನ ಹೇಳುವುದುಂಟು. ಎಷ್ಟೋ ಸಲ ದೋಷ ಇರುವುದು ದಾರದಲ್ಲಿ.

ಮೇಣದಬತ್ತಿಯಲ್ಲಿ ಮುಖ್ಯವಾಗಿ ಉರಿಯುವುದು ದಾರವಲ್ಲ, ಮೇಣ. ಸೆರಗಿನ ತುದಿ ನೀರಿಗೆ ತಾಗಿದರೆ ಒದ್ದೆ ಮೇಲಕ್ಕೆ ಹತ್ತುತ್ತದಲ್ಲವೇ? ಹಾಗೆಯೇ ಕರಗಿದ ಮೇಣ ಹತ್ತಿಯ ಎಳೆಗಳ ಸಂದಿನಲ್ಲಿ ಮೇಲೇರಿ, ಆವಿಯಾಗಿ ಉರಿಯುತ್ತದೆ. ದಾರ ತೆಳುವಾದರೆ ಕರಗಿದಷ್ಟು ಮೇಣವನ್ನು ಅದು ಕುಡಿಯಲಾರದು, ಮುಳುಗುತ್ತದೆ. ದಪ್ಪವಾದರೆ ಉರಿ ಎತ್ತರವಾಗಿ ಮಸಿ ಕಾರುತ್ತದೆ. ಅರ್ಧ ಇಂಚಿನ ಅಚ್ಚಿಗೆ ಹಾಕಿದ ದಾರವನ್ನೇ ಮೂರು ಇಂಚಿನ ಅಚ್ಚಿಗೂ ಹಾಕಿದರೆ ಆಗುವುದಿಲ್ಲ. ಒಂದೇ ಅಚ್ಚಿನಲ್ಲಿ ಮೂರು ಬಗೆಯ ದಪ್ಪದ ದಾರ ಹಾಕಿ, ಅಗಲದ ಇಂಚಿಗೆ ಒಂದು ಗಂಟೆಯಂತೆ ಉರಿಸಿ ನೋಡಿ, ಸರಿಯಾದದ್ದನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ಮೂರು ಬತ್ತಿ ಖರ್ಚಾದರೂ ನೂರು ಉಳಿಯುತ್ತವೆ.

ದಾರ ಶುದ್ಧ ಹತ್ತಿಯದ್ದೇ ಇರಬೇಕು. ಚೂರು ಕತ್ತರಿಸಿ ಸುಟ್ಟು ನೋಡಿ: ಹತ್ತಿ ಮೆತ್ತಗೆ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಗಟ್ಟಿ ಮಣಿಯಾಗುತ್ತದೆ. ಬರೀ ಹೊಸೆದದ್ದಕ್ಕಿಂತ ಜಡೆಯಂತೆ ಹೆಣೆದದ್ದು ಒಳ್ಳೆಯದು. 1825ರಲ್ಲಿ ಫ್ರಾನ್ಸಿನ ಕಾಂಬಸೆರೆ ಎಂಬವರು ಇದನ್ನು ತಂದರು. ಹೆಣೆದ ದಾರದ ತುದಿ ಬಾಗಿ ಉರಿಯ ಅಂಚಿಗೆ ಬಂದು ತಾನೇ ಬೂದಿಯಾಗುತ್ತದೆ. ಅದಕ್ಕೆ ಮೊದಲು ಕರಿ ತುದಿಯನ್ನು ಆಗಾಗ ಕತ್ತರಿಸುತ್ತಾ ಕೂರಬೇಕಿತ್ತು! ಆದರೆ ತೀರಾ ಬಿಗಿಯಾಗಿ ಹೆಣೆಯಬೇಡಿ, ಸಂದು ಮುಚ್ಚಿದರೆ ಮೇಣ ಏರುವುದಿಲ್ಲ.

ಮಳೆಗಾಲದಲ್ಲಿ ದಾರ ತೇವ ಎಳೆದಿರುತ್ತದೆ, ಚಟಪಟ ಸಿಡಿಯುತ್ತದೆ. ಚೆನ್ನಾಗಿ ಒಣಗಿಸಿ, ಕರಗಿದ ಮೇಣದಲ್ಲಿ ಗುಳ್ಳೆ ನಿಲ್ಲುವವರೆಗೆ ಅದ್ದಿ, ನೆಟ್ಟಗೆ ಎಳೆದು ಆರಿಸಿ. ಮೇಣದ ಪಾತ್ರೆಯನ್ನು ನೇರ ಒಲೆಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗೆ ಇಡಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಲೇಬಾರದು, ಒಲೆ ಆರಿಸಿ ಮುಚ್ಚಳ ಮುಚ್ಚಿ.

ಅಚ್ಚಿನ ನಟ್ಟನಡುವೆ ದಾರ ನಿಲ್ಲಲಿ, ಮೇಲೆ ಕಾಲು ಇಂಚು ಬಿಟ್ಟು ಕತ್ತರಿಸಿ. ಅದಕ್ಕಿಂತ ಗಿಡ್ಡವಾದರೆ ಸರಿಯಾದ ದಾರವೂ ಮುಳುಗೀತು. ಹಾಗೇನಾದರೂ ಮುಳುಗಿದರೆ, ಉರಿ ಆರಿದ ಮೇಲೆ ಬೆಚ್ಚಗಿರುವಾಗಲೇ ಹಳೇ ಬಟ್ಟೆಯಿಂದ ಸ್ವಲ್ಪ ಮೇಣ ಹೀರಿ ತೆಗೆದು ದಾರ ಬಿಡಿಸಿ, ಮತ್ತೆ ಹಚ್ಚಬಹುದು.