ದ್ವಿಚಕ್ರ ವಾಹನದ ಹೊಗೆ: ಅಳೆಯುವ ಬಗೆಯೂ ಆರೋಗ್ಯದ ಪ್ರಶ್ನೆ

ಬೆಳಿಗ್ಗೆ ಎಂಟೂವರೆಯ ಸುಮಾರಿಗೆ ಯಾವುದೇ ಊರಿನ ಸಿಗ್ನಲ್ ಬಳಿ ನಿಂತು ನೋಡಿ. ಕಾರು, ಬಸ್ಸುಗಳನ್ನು ಹಿಂದಿಕ್ಕಿ ಬಿಳಿಗೆರೆಯ ಮೇಲೆ ಬಂದು ನಿಂತಿರುವುದು ಸ್ಕೂಟರು, ಬೈಕುಗಳೇ. ನಮ್ಮ ದೇಶದಲ್ಲಿ ನೋಂದಣಿಯಾದ ಪ್ರತಿ ನಾಲ್ಕು ವಾಹನಗಳಲ್ಲಿ ಸುಮಾರು ಮೂರು ದ್ವಿಚಕ್ರ ವಾಹನಗಳು. ಅವುಗಳ ಹೊಗೆ ಕೊಳವೆ ನೆಲಕ್ಕೆ ಹತ್ತಿರವಿರುತ್ತದೆ. ಸ್ಕೂಟರಿನ ಮುಂಭಾಗದಲ್ಲಿ ನಿಂತು ಶಾಲೆಗೆ ಹೋಗುವ ಮಗುವಿನ ಮೂಗು ದೊಡ್ಡವರ ಮೂಗಿಗಿಂತ ಆ ಕೊಳವೆಗೆ ಸಮೀಪ. ಅಲ್ಲದೆ ತನ್ನ ದೇಹದ ತೂಕಕ್ಕೆ ಹೋಲಿಸಿದರೆ ಮಗು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ.

ಈ ಹೊಗೆಗೆ ಸರ್ಕಾರ ಮಿತಿ ಹಾಕಿದೆ ಎಂಬುದು ಎಲ್ಲರಿಗೂ ಗೊತ್ತು. ಬಿಎಸ್ 4, ಬಿಎಸ್ 6 ಎಂಬ ಹೆಸರುಗಳು ಮನೆಮಾತಾಗಿವೆ. ಆದರೆ ಆ ಮಿತಿಯನ್ನು ವಾಹನ ಹೇಗೆ ಓಡುತ್ತಿರುವಾಗ ಅಳೆಯುತ್ತಾರೆ ಎಂದು ಕೇಳುವವರು ಕಡಿಮೆ. ನಿಂತಿರುವಾಗಲೋ, ನಿಧಾನವಾಗಿ ಸಾಗುವಾಗಲೋ, ಹೆದ್ದಾರಿಯಲ್ಲಿ ವೇಗವಾಗಿ ಓಡುವಾಗಲೋ? ಎಂಜಿನ್ ತಣ್ಣಗಿದ್ದಾಗಲೋ, ಕಾದ ಮೇಲೋ? ಒಂದೇ ವಾಹನ ಈ ಒಂದೊಂದು ಸ್ಥಿತಿಯಲ್ಲೂ ಬೇರೆ ಬೇರೆ ಪ್ರಮಾಣದ ವಿಷವನ್ನು ಹೊರಬಿಡುತ್ತದೆ. ಹಾಗಾಗಿ ಪರೀಕ್ಷೆ ನಮ್ಮ ನಿಜವಾದ ಓಡಾಟವನ್ನು ಹೋಲದಿದ್ದರೆ ಮಿತಿ ಎಷ್ಟೇ ಬಿಗಿಯಾಗಿದ್ದರೂ ಅದರ ಪ್ರಯೋಜನ ನಮ್ಮ ಶ್ವಾಸಕೋಶವನ್ನು ತಲುಪುವುದಿಲ್ಲ.

ಮೊದಲಿಗೆ ಹೊಗೆಯಲ್ಲಿ ಏನಿದೆ ಎಂಬುದನ್ನು ನೋಡೋಣ. ಪೆಟ್ರೋಲು ಅರೆಬರೆ ಉರಿದಾಗ ಹುಟ್ಟುವುದು ಕಾರ್ಬನ್ ಮಾನಾಕ್ಸೈಡ್. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ ಈ ಅನಿಲಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಪರಿಣಾಮವಾಗಿ ತಲೆನೋವು, ತಲೆ ಸುತ್ತು, ಮಂಕು. ಹೃದ್ರೋಗಿಗಳಿಗೆ ಎದೆನೋವು ಬೇಗ ಬರಬಹುದು. ಗರ್ಭಿಣಿಯ ರಕ್ತದಿಂದ ಇದು ಶಿಶುವಿಗೂ ದಾಟುತ್ತದೆ. ಇನ್ನು ಉರಿಯದೆಯೇ ಹೊರಬಿದ್ದ ಇಂಧನವನ್ನು ಹೈಡ್ರೊಕಾರ್ಬನ್ ಎನ್ನುತ್ತಾರೆ. ಈ ಗುಂಪಿನಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದು ಸಿದ್ಧವಾಗಿರುವ ವಿಷಯ. ಎಂಜಿನ್ನಿನ ತೀವ್ರ ಶಾಖದಲ್ಲಿ ಗಾಳಿಯ ಸಾರಜನಕವೇ ಉರಿದು ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಇವು ಮತ್ತು ಹೈಡ್ರೊಕಾರ್ಬನ್ನುಗಳು ಬಿಸಿಲಿಗೆ ಬಿದ್ದು ಓಝೋನ್ ಉಂಟಾಗುತ್ತದೆ. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಅದೇ ಓಝೋನ್ ನೆಲಮಟ್ಟದಲ್ಲಿ ಆಸ್ತಮಾ ರೋಗಿಯ ಶತ್ರು.

ಮೊಪೆಡ್ಡುಗಳ ವಿಷಯವನ್ನು ಸ್ವಲ್ಪ ಬೇರೆಯಾಗಿಯೇ ಹೇಳಬೇಕು. ಲೂನಾ, ಟಿವಿಎಸ್ 50, ಹಳೆಯ ಬಜಾಜ್ ಸ್ಕೂಟರುಗಳು, 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ದಿಗಳು, ಇವೆಲ್ಲ ಟೂ-ಸ್ಟ್ರೋಕ್ ಎಂಜಿನ್ನಿನವು. ಸರಳ ರಚನೆ, ಕಡಿಮೆ ಬೆಲೆ, ಯಾವ ಹಳ್ಳಿಯ ಮೆಕ್ಯಾನಿಕ್ಕಾದರೂ ಬಿಚ್ಚಿ ಜೋಡಿಸಬಲ್ಲ ಯಂತ್ರ. ಹಾಲಿನ ಕ್ಯಾನು, ಸೊಪ್ಪಿನ ಮೂಟೆ ಹೊತ್ತು ಎಷ್ಟೋ ಸಂಸಾರಗಳನ್ನು ಸಾಕಿದವು ಇವು. ಆದರೆ ಈ ಎಂಜಿನ್ನಿನಲ್ಲಿ ಹಳೆಯ ಹೊಗೆ ಹೊರಹೋಗುವ ದಾರಿಯೂ ಹೊಸ ಇಂಧನ ಒಳಬರುವ ದಾರಿಯೂ ಕೆಲವು ಕ್ಷಣ ಒಟ್ಟಿಗೆ ತೆರೆದಿರುತ್ತವೆ. ಮುಂಬಾಗಿಲಲ್ಲಿ ನೆಂಟರನ್ನು ಬರಮಾಡಿಕೊಳ್ಳುವಾಗ ಹಿಂಬಾಗಿಲೂ ತೆರೆದಿದ್ದರೆ ಬಂದವರಲ್ಲಿ ಕೆಲವರು ಕೂರದೆಯೇ ಹೊರಟುಹೋದಂತೆ, ಒಂದಿಷ್ಟು ಪೆಟ್ರೋಲು ಉರಿಯದೆ ಹಾಗೇ ಕೊಳವೆ ಸೇರುತ್ತದೆ. ಜೊತೆಗೆ ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೂ ಅದೇ ದಾರಿ ಹಿಡಿಯುತ್ತದೆ. ಬಂಕಿನ ಹುಡುಗ ಅಳತೆಯ ಪಾತ್ರೆಯಲ್ಲಿ ಎಣ್ಣೆ ಸುರಿಯುವಾಗ 'ಇನ್ನೊಂಚೂರು ಹಾಕಪ್ಪ, ಎಂಜಿನ್ನಿಗೆ ಒಳ್ಳೇದು' ಎನ್ನುತ್ತಿದ್ದ ಹಿರಿಯರನ್ನು ಹಲವರು ನೋಡಿರಬಹುದು. ಹೆಚ್ಚಾದ ಆ ಎಣ್ಣೆ ಎಂಜಿನ್ನಿಗಂತೂ ದಕ್ಕಲಿಲ್ಲ. ಬೆನ್ನಹಿಂದೆ ನೀಲಿ ಹೊಗೆಯಾಗಿ ಹರಡಿ ಹಿಂದೆ ಬರುವವರ ಎದೆ ಸೇರಿತು.

ಈಗ ಪರೀಕ್ಷೆಯ ವಿಷಯಕ್ಕೆ ಬರೋಣ. ಹೊಸ ಮಾದರಿಯ ವಾಹನವೊಂದು ಮಾರುಕಟ್ಟೆಗೆ ಬರುವ ಮುನ್ನ ಪ್ರಯೋಗಾಲಯದಲ್ಲಿ ತೇರ್ಗಡೆಯಾಗಬೇಕು. ನಮ್ಮಲ್ಲಿ ಪುಣೆಯ ಎಆರ್‌ಎಐ ಇಂಥ ಪರೀಕ್ಷೆ ನಡೆಸುವ ಹಳೆಯ ಸಂಸ್ಥೆ. ವಾಹನದ ಚಕ್ರವನ್ನು ದೊಡ್ಡ ಉರುಳೆಯ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತದೆ, ವಾಹನ ಇದ್ದಲ್ಲೇ ಇರುತ್ತದೆ. ಎದುರಿನಿಂದ ಫ್ಯಾನು ಗಾಳಿ ಬೀಸುತ್ತದೆ. ಸವಾರನ ಮುಂದಿನ ಪರದೆಯ ಮೇಲೆ ವೇಗದ ಗೆರೆಯೊಂದು ಏರುತ್ತ ಇಳಿಯುತ್ತ ಸಾಗುತ್ತದೆ. ಅವನು ಆ ಗೆರೆಯನ್ನು ತಪ್ಪದೆ ಅನುಸರಿಸಬೇಕು. ಹೊರಬಂದ ಹೊಗೆಯನ್ನು ಗಾಳಿಯೊಂದಿಗೆ ಬೆರೆಸಿ ಚೀಲಗಳಲ್ಲಿ ತುಂಬಿ, ಕಿಲೋಮೀಟರಿಗೆ ಎಷ್ಟು ಗ್ರಾಂ ವಿಷ ಎಂದು ಲೆಕ್ಕ ಹಾಕುತ್ತಾರೆ. ಪರದೆಯ ಮೇಲಿನ ಆ ಗೆರೆಗೆ 'ಚಾಲನಾ ಚಕ್ರ' ಎಂದು ಹೆಸರು. ಶಾಲೆಯ ಭಾಷೆಯಲ್ಲಿ ಹೇಳುವುದಾದರೆ ಅದೇ ಪ್ರಶ್ನೆಪತ್ರಿಕೆ.

ಹಿಂದೆ ಒಂದೊಂದು ದೇಶಕ್ಕೆ ಒಂದೊಂದು ಪ್ರಶ್ನೆಪತ್ರಿಕೆ ಇತ್ತು. ಭಾರತದ ಚಾಲನಾ ಚಕ್ರ 108 ಸೆಕೆಂಡುಗಳದು, ಅದನ್ನು ಆರು ಸಲ ಓಡಿಸುತ್ತಿದ್ದರು. ಅದರಲ್ಲಿ ಗರಿಷ್ಠ ವೇಗ ಗಂಟೆಗೆ 42 ಕಿಲೋಮೀಟರ್. ಪೇಟೆಬೀದಿಯ ಮೊಪೆಡ್ಡಿಗೆ ಇದು ಸರಿಹೊಂದುತ್ತಿತ್ತು. ವರ್ತುಲ ರಸ್ತೆಗಳಲ್ಲಿ 60-70ರ ವೇಗದಲ್ಲಿ ಸಾಗುವ ಬೈಕುಗಳು ಬಂದ ಮೇಲೆ ಆ ವೇಗದಲ್ಲಿ ಎಂಜಿನ್ ಏನು ಉಗುಳುತ್ತದೆ ಎಂಬುದು ಪರೀಕ್ಷೆಯ ಹೊರಗೇ ಉಳಿಯಿತು. ಯೂರೋಪಿನ ಮೋಟಾರ್‌ಸೈಕಲ್ ಪರೀಕ್ಷೆಯಲ್ಲೂ ಗರಿಷ್ಠ ವೇಗ 50 ಕಿಲೋಮೀಟರ್ ಮಾತ್ರ. ಅಲ್ಲಿ ಇನ್ನೊಂದು ವಿಚಿತ್ರವಿತ್ತು. ಆರು ಸುತ್ತುಗಳಲ್ಲಿ ಮೊದಲ ಎರಡು ಎಂಜಿನ್ನನ್ನು ಬಿಸಿ ಮಾಡಲು ಮಾತ್ರ, ಆ ಹೊಗೆ ಲೆಕ್ಕಕ್ಕಿಲ್ಲ. 2006ರಲ್ಲಿ ಯೂರೋ 3 ಬರುವವರೆಗೂ ಹೀಗೇ ನಡೆಯಿತು. ನಿಜವಾಗಿ ಅತಿ ಕೆಟ್ಟ ಹೊಗೆ ಬರುವುದೇ ಆ ಮೊದಲ ನಿಮಿಷಗಳಲ್ಲಿ. ತಣ್ಣಗಿರುವ ಎಂಜಿನ್ ಶುರುವಾಗಲು ಹೆಚ್ಚು ಪೆಟ್ರೋಲು ಬೇಕು. ವಿಷವನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಕಾಯುವವರೆಗೆ ಕೆಲಸಕ್ಕೇ ಇಳಿಯುವುದಿಲ್ಲ. ಮನೆಯಿಂದ ಒಂದೂವರೆ ಮೈಲಿ ದೂರದ ಶಾಲೆಗೆ ಹೋಗಿ ಬರುವ ಸ್ಕೂಟರಿನ ಮಟ್ಟಿಗೆ ದಿನದ ಓಡಾಟದ ಬಹುಪಾಲು ಈ ತಣ್ಣನೆಯ ಸ್ಥಿತಿಯಲ್ಲೇ ಮುಗಿಯುತ್ತದೆ.

ತಯಾರಕರಿಗೆ ಈ ಗೊಂದಲ ಖರ್ಚಿನ ಬಾಬತ್ತಾಗಿತ್ತು. ಒಂದೇ ಬೈಕನ್ನು ಪ್ರತಿ ದೇಶಕ್ಕೂ ಬೇರೆಯಾಗಿ ಹೊಂದಿಸಿ ಬೇರೆಯಾಗಿ ಪರೀಕ್ಷಿಸಬೇಕು. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಕಷ್ಟ ಇನ್ನೂ ದೊಡ್ಡದು, ಏಕೆಂದರೆ ಪರೀಕ್ಷೆಯಲ್ಲಿ ಬರುವ ವೇಗಗಳಿಗಷ್ಟೇ ಎಂಜಿನ್ನನ್ನು ಚೊಕ್ಕಟ ಮಾಡಿ ಉಳಿದದ್ದನ್ನು ಬಿಟ್ಟುಬಿಡಲು ಅವಕಾಶವಿತ್ತು. ಬರುವ ಪ್ರಶ್ನೆಗಳು ಗೊತ್ತಿದ್ದರೆ ಅಷ್ಟನ್ನೇ ಓದಿ ಪಾಸಾಗುವ ವಿದ್ಯಾರ್ಥಿಯಂತೆ.

ವಿಶ್ವಸಂಸ್ಥೆಯ ಯೂರೋಪ್ ಆರ್ಥಿಕ ಆಯೋಗದ ಅಡಿಯಲ್ಲಿ ಜಿನೀವಾದಲ್ಲಿ ವಾಹನ ನಿಯಮಗಳನ್ನು ಒಂದುಗೂಡಿಸುವ ವಿಶ್ವ ವೇದಿಕೆಯೊಂದಿದೆ. ಯೂರೋಪಿನ ಆಚೆಯ ದೇಶಗಳೂ ಸೇರಿ ಜಾಗತಿಕ ತಾಂತ್ರಿಕ ನಿಯಮಗಳನ್ನು ರೂಪಿಸಲು 1998ರಲ್ಲಿ ಅಲ್ಲಿ ಒಪ್ಪಂದವಾಯಿತು. ಭಾರತ ಅದಕ್ಕೆ ಸೇರಿದ್ದು 2006ರಲ್ಲಿ. ಮೋಟಾರ್‌ಸೈಕಲ್ಲಿನ ಹೊಗೆಗೆ ಒಂದೇ ಪರೀಕ್ಷೆ ಬೇಕೆಂಬ ಕೆಲಸವನ್ನು ಜರ್ಮನಿ ಮುಂದೆ ನಿಂತು ನಡೆಸಿತು. ಮೇಜಿನ ಮುಂದೆ ಕುಳಿತು ಗೆರೆ ಎಳೆಯುವ ಬದಲು ಯೂರೋಪ್, ಜಪಾನ್, ಅಮೆರಿಕ, ಚೀನಾಗಳಲ್ಲಿ ಜನ ನಿಜವಾಗಿ ಹೇಗೆ ಓಡಿಸುತ್ತಾರೆ ಎಂಬ ಮಾಹಿತಿಯನ್ನು ಕಲೆಹಾಕಿ, ಅದರಿಂದ ಹೊಸ ಚಾಲನಾ ಚಕ್ರವನ್ನು ಹೆಣೆದರು. ಅದರ ಚಿಕ್ಕ ಹೆಸರು ಡಬ್ಲ್ಯುಎಂಟಿಸಿ. 2005ರ ಜೂನ್ 22ರಂದು ಇದು ಜಾಗತಿಕ ತಾಂತ್ರಿಕ ನಿಯಮ ಸಂಖ್ಯೆ 2 ಆಗಿ ಅಂಗೀಕಾರವಾಯಿತು.

ಹೊಸ ಪರೀಕ್ಷೆಯಲ್ಲಿ ತಲಾ 600 ಸೆಕೆಂಡುಗಳ ಮೂರು ಭಾಗಗಳಿವೆ. ಮೊದಲನೆಯದು ಊರೊಳಗಿನ ಓಡಾಟ, ಸುಮಾರು 60 ಕಿಲೋಮೀಟರ್ ವೇಗದವರೆಗೆ. ಎರಡನೆಯದು 95ರವರೆಗೆ, ಮೂರನೆಯದು 125ರವರೆಗೆ. ಎಲ್ಲ ವಾಹನಕ್ಕೂ ಮೂರೂ ಭಾಗವಿಲ್ಲ. ಎಂಜಿನ್ನಿನ ಗಾತ್ರ ಮತ್ತು ಗರಿಷ್ಠ ವೇಗ ನೋಡಿ ವರ್ಗ ಮಾಡುತ್ತಾರೆ. ಸಣ್ಣ ವಾಹನಕ್ಕೆ ಮೊದಲ ಭಾಗವನ್ನೇ ಎರಡು ಸಲ ಓಡಿಸುತ್ತಾರೆ, ಒಮ್ಮೆ ತಣ್ಣಗಿದ್ದಾಗ, ಒಮ್ಮೆ ಬಿಸಿಯಾದ ಮೇಲೆ, ಎರಡಕ್ಕೂ ಸಮ ಅಂಕ. ಕಡಿಮೆ ಶಕ್ತಿಯ ವಾಹನಗಳಿಗೆ ವೇಗ ತಗ್ಗಿಸಿದ ಗೆರೆಯೂ ಇದೆ. ಏರಲಾರದ ದಿಬ್ಬವನ್ನು ಏರು ಎಂದು ಮೊಪೆಡ್ಡಿಗೆ ಹೇಳಿ ಫಲವಿಲ್ಲವಷ್ಟೆ. ಮುಖ್ಯ ಮಾತೆಂದರೆ, ಪರೀಕ್ಷೆಗೆ ಮುನ್ನ ವಾಹನವನ್ನು ಕನಿಷ್ಠ 6 ಗಂಟೆ ಸುಮ್ಮನೆ ನಿಲ್ಲಿಸಿ ತಣ್ಣಗಾಗಿಸಬೇಕು, ಮೊದಲ ಕ್ಷಣದ ಹೊಗೆಯಿಂದಲೇ ಲೆಕ್ಕ ಶುರು.

ನಮ್ಮಲ್ಲಿ ಇದು ಬಿಎಸ್ 4ರ ಜೊತೆ ಕಡ್ಡಾಯವಾಯಿತು. 2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್, ಏಪ್ರಿಲ್ 1ರಿಂದ ಬಿಎಸ್ 3 ವಾಹನಗಳನ್ನು ಮಾರುವಂತಿಲ್ಲ ಎಂದಾಗ ಉಳಿದೆರಡು ದಿನ ಶೋರೂಮುಗಳ ಮುಂದೆ ರಿಯಾಯಿತಿಗಾಗಿ ಜನ ಮುಗಿಬಿದ್ದದ್ದು ನೆನಪಿರಬಹುದು. ಹೊಸ ಬೈಕುಗಳಲ್ಲಿ ಜನ ಗಮನಿಸಿದ್ದು ಹಗಲಲ್ಲೂ ಉರಿಯುವ ಹೆಡ್‌ಲೈಟನ್ನು. ಪ್ರಶ್ನೆಪತ್ರಿಕೆ ಬದಲಾದದ್ದು ಸುದ್ದಿಯಾಗಲಿಲ್ಲ.

ಅಂಕಿಗಳನ್ನು ನೋಡಿದರೆ ಇಲ್ಲೊಂದು ಒಗಟು ಕಾಣುತ್ತದೆ. 1991ರಲ್ಲಿ ಕಿಲೋಮೀಟರಿಗೆ 12ರಿಂದ 30 ಗ್ರಾಂವರೆಗೆ ಇದ್ದ ಕಾರ್ಬನ್ ಮಾನಾಕ್ಸೈಡ್ ಮಿತಿ 1996ರಲ್ಲಿ 4.5ಕ್ಕೆ, 2000ದಲ್ಲಿ 2ಕ್ಕೆ, 2005ರಲ್ಲಿ 1.5ಕ್ಕೆ, 2010ರಲ್ಲಿ 1 ಗ್ರಾಂಗೆ ಇಳಿಯಿತು. ಬಿಎಸ್ 4ರಲ್ಲಿ ಸಣ್ಣ ಬೈಕುಗಳ ಮಿತಿ 1.403ಕ್ಕೆ ಏರಿತು! ಸರ್ಕಾರ ಸಡಿಲ ಬಿಟ್ಟಿತೇ? ಇಲ್ಲ. ಹಳೆಯದು ಸುಲಭದ ಪತ್ರಿಕೆಯಲ್ಲಿ ಪಡೆದ ಅಂಕ, ಹೊಸದು ಕಷ್ಟದ ಪತ್ರಿಕೆಯಲ್ಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವಂತಿಲ್ಲ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6ರಲ್ಲಿ ಇದೇ ಹೊಸ ಪರೀಕ್ಷೆಯಲ್ಲಿ ಮಿತಿ ಮತ್ತೆ 1 ಗ್ರಾಂ ಆಯಿತು. ಹೈಡ್ರೊಕಾರ್ಬನ್ 0.1 ಗ್ರಾಂ, ನೈಟ್ರೋಜನ್ ಆಕ್ಸೈಡು 0.06 ಗ್ರಾಂ ಮೀರುವಂತಿಲ್ಲ. ಹಿಂದೆ ಇವೆರಡನ್ನೂ ಕೂಡಿಸಿ ಒಂದೇ ಮಿತಿ ಇದ್ದುದರಿಂದ ಒಂದನ್ನು ತಗ್ಗಿಸಿ ಇನ್ನೊಂದನ್ನು ಏರಲು ಬಿಡಬಹುದಿತ್ತು. ಆಸ್ತಮಾ ಇರುವ ಮನೆಗಳಿಗೆ ಇದು ಸಣ್ಣ ಬದಲಾವಣೆಯಲ್ಲ.

ಹಾಗೆಂದು ಜಾಗತಿಕ ನಿಯಮ ಎಲ್ಲವನ್ನೂ ಹಿಡಿದುಬಿಟ್ಟಿತು ಎನ್ನಲಾಗದು. 2005ರ ನಿಯಮ ಅಳೆದದ್ದು ಅನಿಲಗಳನ್ನು. ಟೂ-ಸ್ಟ್ರೋಕ್ ವಾಹನದ ಎಣ್ಣೆಯ ಸೂಕ್ಷ್ಮ ಹನಿಗಳು ಶ್ವಾಸಕೋಶದ ಆಳಕ್ಕೆ ಇಳಿಯುವಂಥವು, ಆದರೆ ಅನಿಲವಲ್ಲ. ನಿಂತ ವಾಹನದ ಟ್ಯಾಂಕಿನಿಂದ ಆವಿಯಾಗುವ ಪೆಟ್ರೋಲಿಗೆ 2016ರಲ್ಲಿ ಬೇರೆಯೇ ಜಾಗತಿಕ ನಿಯಮ ಮಾಡಬೇಕಾಯಿತು. ಹೊಸ ಬೈಕುಗಳಲ್ಲಿ ಆವಿಯನ್ನು ಹಿಡಿದಿಡಲು ಇದ್ದಿಲು ತುಂಬಿದ ಡಬ್ಬಿಯೊಂದು ಇರುವುದು ಇದೇ ಕಾರಣಕ್ಕೆ.

ಪ್ರಯೋಗಾಲಯದಲ್ಲಿ ತೇರ್ಗಡೆಯಾದ ವಾಹನ ನಮ್ಮ ಕೈಗೆ ಬಂದ ಮೇಲೆ ಕೆಡಬಹುದು, ನಾವೇ ಕೆಡಿಸಲೂಬಹುದು. ಕ್ಯಾಟಲಿಟಿಕ್ ಕನ್ವರ್ಟರ್ ಕೂತಿರುವುದು ಸಾಮಾನ್ಯವಾಗಿ ಹೊಗೆ ಕೊಳವೆಯ ಭಾಗದಲ್ಲೇ. ಗುಡುಗುಡು ಸದ್ದು ಬರಲೆಂದು ಯುವಕರು ಕಂಪನಿಯ ಸೈಲೆನ್ಸರ್ ಕಿತ್ತು ಬೇರೆಯದನ್ನು ಹಾಕಿಸಿದಾಗ ಬಹಳ ಸಲ ಕನ್ವರ್ಟರೂ ಅದರೊಂದಿಗೆ ಹೋಗುತ್ತದೆ. ಪೊಲೀಸರು ಹಿಡಿಯುವುದು ಸದ್ದಿಗಾಗಿ, ವಿಷದ ಮಾತನ್ನು ಯಾರೂ ಎತ್ತುವುದಿಲ್ಲ. ಮನೆಯಲ್ಲಿ ಅಂಥ ಮಗನಿದ್ದರೆ ಈ ವಿಷಯವನ್ನೂ ಒಮ್ಮೆ ಹೇಳಿ ನೋಡಿ. ಬಾಗಿಲು ಹಾಕಿದ ಗ್ಯಾರೇಜಿನಲ್ಲಿ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಬೈಕನ್ನು ಶುರುಮಾಡಿ ಬಿಸಿಯಾಗಲು ಬಿಡುವ ಅಭ್ಯಾಸ ಅಪಾಯಕರ. ಹೊರಗೆ ತಳ್ಳಿ ತಂದು ಶುರುಮಾಡಿ, ಮೆಲ್ಲಗೆ ಹೊರಡಿ. ಹಳೆಯ ಟೂ-ಸ್ಟ್ರೋಕ್ ಇನ್ನೂ ಓಡಿಸುವವರು ಎಣ್ಣೆಯನ್ನು ಹೇಳಿದ ಅಳತೆ ಮೀರದಂತೆ ಹಾಕಬೇಕು. ಹೊಸ ಬೈಕಿನ ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಓಡುವಾಗಲೂ ಆರದಿದ್ದರೆ ಸರ್ವಿಸ್‌ಗೆ ಒಯ್ಯಿರಿ.

ಕೊನೆಯದಾಗಿ ಎಮಿಷನ್ ಟೆಸ್ಟ್. ಪಿಯುಸಿ ಎಂದರೆ ಮಕ್ಕಳ ಓದೇ ನೆನಪಾಗುವ ನಮ್ಮ ರಾಜ್ಯದಲ್ಲಿ ಜನ ಇದನ್ನು ಹೀಗೇ ಕರೆಯುತ್ತಾರೆ. ಬಿಎಸ್ 4 ಮತ್ತು ನಂತರದ ವಾಹನಗಳಿಗೆ ಈ ಚೀಟಿಯ ಅವಧಿ ಒಂದು ವರ್ಷ, ಅದಕ್ಕೂ ಹಳೆಯವಕ್ಕೆ ಆರು ತಿಂಗಳು. ಇಲ್ಲಿ ಅಳೆಯುವುದು ನಿಂತಲ್ಲೇ ಓಡುವ ಎಂಜಿನ್ನಿನ ಹೊಗೆ, ಆದ್ದರಿಂದ ಜಿನೀವಾದ ಪರೀಕ್ಷೆಗೂ ಇದಕ್ಕೂ ಬಹಳ ಅಂತರ. ಆದರೂ ಚೀಟಿಯನ್ನು ದಂಡ ತಪ್ಪಿಸುವ ಕಾಗದವೆಂದು ಡಿಕ್ಕಿಯಲ್ಲಿ ತುರುಕಬೇಡಿ. ಅದರಲ್ಲಿ ಅಚ್ಚಾಗಿರುವ ಕಾರ್ಬನ್ ಮಾನಾಕ್ಸೈಡಿನ ಶೇಕಡಾ ಅಂಕಿಯನ್ನು ಕಳೆದ ಸಲದ ಚೀಟಿಯ ಅಂಕಿಯೊಂದಿಗೆ ಹೋಲಿಸಿ. ಪಾಸಾಗಿದ್ದರೂ ಅಂಕಿ ಏರಿದ್ದರೆ ಮೆಕ್ಯಾನಿಕ್ಕಿಗೆ ತೋರಿಸಿ, ಮೊದಲು ಏರ್ ಫಿಲ್ಟರ್ ಮತ್ತು ಸ್ಪಾರ್ಕ್ ಪ್ಲಗ್ ನೋಡಲು ಹೇಳಿ.